ಅಣ್ಣನಿಗೊಂದು ಬಿಲ್ಲೆ

ಸಂಜೆ ಹೊತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಒಬ್ಬ ಮನುಷ್ಯ ಕೊಡೆ ಬಿಚ್ಚಿ, ಅದನ್ನು ತಲೆಯ ಮೇಲೆ ಹಿಡಿಯದೆ ಎಡಗೆನ್ನೆಗೆ ಅಡ್ಡವಾಗಿ ಹಿಡಿದುಕೊಂಡು ನಡೆಯುತ್ತಿದ್ದಾನೆ. ಹಾಲಿನ ಬೂತಿಗೆ ಹೋಗುವಾಗ ಕೊಡೆ ಎಡಕ್ಕೆ, ವಾಪಸು ಬರುವಾಗ ಬಲಕ್ಕೆ. ಪುಟ್ಟೇನಹಳ್ಳಿಗೆ ಬಾಡಿಗೆಗೆ ಬಂದ ಮೊದಲ ವಾರದಲ್ಲೇ ನಾನು ಕಂಡ ದೃಶ್ಯ ಇದು. ಗದುಗಿನ ಕಡೆಯವನು ನಾನು. ಬೆಂಗಳೂರಿನವರು ಕೊಡೆಯನ್ನೂ ತಮ್ಮದೇ ರೀತಿಯಲ್ಲಿ ಹಿಡಿಯುತ್ತಾರೇನೋ ಅಂದುಕೊಂಡು ಸುಮ್ಮನಾದೆ. ಆಮೇಲೆ ಗೊತ್ತಾಯಿತು, ಆ ಮನುಷ್ಯ ನನ್ನ ಮನೆಯ ಓನರ್, ಕೊಡೆಯ ಆಚೆಗಿದ್ದದ್ದು ಅವರ ಒಡಹುಟ್ಟಿದ ಅಣ್ಣನ ಮನೆ.

ಓನರ್ ತೀರಿಹೋದ ಸುದ್ದಿಯನ್ನು ಮೊನ್ನೆ ಅವರ ಹೆಂಡತಿ ಫೋನಿನಲ್ಲಿ ಹೇಳಿದರು. ತಿಥಿಯೂ ಆಗಿಹೋಗಿತ್ತು. ನನ್ನ ನಂಬರು ಹುಡುಕುವುದೇ ತಡವಾಯಿತಂತೆ. ನನಗೆ ದುಃಖವಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಓದಿದವರಿಗೆ ನಾನು ಅವರನ್ನು ಗೇಲಿ ಮಾಡುತ್ತಿದ್ದೇನೆ ಅನ್ನಿಸಬಹುದು. ಗೇಲಿಯನ್ನೂ ಮಾಡುತ್ತಿದ್ದೇನೆ. ಅವರು ಬದುಕಿದ್ದಾಗ ಎದುರಿಗೇ ಮಾಡುತ್ತಿದ್ದೆ, ಅವರೂ ನನ್ನ 'ರೀ' ಹಚ್ಚುವ ಮಾತನ್ನು ಆಡಿಕೊಂಡು ನಗುತ್ತಿದ್ದರು.

ಹೆಸರು ಬರೆಯುವುದಿಲ್ಲ. ಬಾಡಿಗೆಗೆ ಇದ್ದವನ ನಾಲಿಗೆಗೆ ಓನರ್ ಅನ್ನುವುದೇ ಹೆಸರು, ಅವರ ಹೆಂಡತಿ ಓನರಮ್ಮ. ನಾನು ಜಯನಗರದ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆನಾದ್ದರಿಂದ ಅವರಿಗೆ ನಾನು ಮೇಷ್ಟ್ರು. ಅವರ ಅಪ್ಪನ ಕಾಲಕ್ಕೆ ಅಲ್ಲೆಲ್ಲ ರಾಗಿ ಹೊಲ. ತೊಂಬತ್ತರ ದಶಕದಲ್ಲಿ ಜೆ.ಪಿ. ನಗರ ಒಂದೊಂದೇ ಫೇಸ್ ಬೆಳೆದು ಹೊಲದ ಬದುವಿಗೆ ಬಂದು ನಿಂತಿತು, ಹೊಲ ಸೈಟುಗಳಾಯಿತು. ಅಣ್ಣ ಕಾರು ತೆಗೆದುಕೊಂಡರು. ಇವರು ಒಂದಷ್ಟು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರು, ಉಳಿದದ್ದರಲ್ಲಿ ಒಂದು ವಿಡಿಯೋ ಕ್ಯಾಮೆರಾ ತೆಗೆದುಕೊಂಡರು. ಹೆಗಲ ಮೇಲೆ ಹೊರುವಂಥದ್ದು. ನೇಗಿಲು ಇಳಿಸಿದ ಹೆಗಲಿಗೆ ಏನಾದರೂ ಬೇಕಿತ್ತೆಂದು ಓನರಮ್ಮ ಹೇಳುತ್ತಿದ್ದರು.

ಓನರ್‌ಗೆ ರೂಲ್ಸು ಅಂದರೆ ಪ್ರಾಣ. ಗೋಡೆಗೆ ಮೊಳೆ ಹೊಡೆಯಬಾರದು, ಟೆರೇಸಿನಲ್ಲಿ ಸೀರೆ ಉದ್ದುದ್ದ ಒಣಹಾಕಬಾರದು, ನೆಂಟರು ಬಂದರೆ ಮೊದಲೇ ಹೇಳಬೇಕು. ಅವರು ತಮಗೂ ರೂಲ್ಸು ಹಾಕಿಕೊಳ್ಳುತ್ತಿದ್ದರು, ಒಂದನ್ನೂ ಮುರಿಯುತ್ತಿರಲಿಲ್ಲ, ಪಕ್ಕದ ಗೇಟಿನಿಂದ ಆಚೆ ಹೋಗಿಬಿಡುತ್ತಿದ್ದರು. ದೇವರ ಮುಂದೆ ಬೀಡಿ ಬಿಡುತ್ತೇನೆಂದು ಹೇಳಿಕೊಂಡಿದ್ದರು, ಆವತ್ತಿನಿಂದ ಸಿಗರೇಟು ಸೇದಿದರು. ಶನಿವಾರ ಒಪ್ಪತ್ತು ಅಂದರೆ ಅನ್ನ ಒಂದೇ ಹೊತ್ತು, ಇನ್ನೊಂದು ಹೊತ್ತು ಮಸಾಲೆ ದೋಸೆ. ನನ್ನ ಗೋಡೆಗೆ ಕೇಬಲ್ ಎಳೆಯಲು ತಾವೇ ಸಾಲಾಗಿ ಮೊಳೆ ಹೊಡೆದಾಗ ನಾನು ರೂಲ್ಸು ನೆನಪಿಸಿದೆ. ಹೊಡೆಯಬಾರದು ಅಂದದ್ದು ಬಾಡಿಗೆಯವರಿಗೆ ಎಂದು ಸುತ್ತಿಗೆ ಕೆಳಗಿಡದೆ ಹೇಳಿದರು.

ಇಂಥವರು ತಮ್ಮ ಬಾಯಿಂದಲೇ ಒಂದು ದೊಡ್ಡ ಆಣೆಯಲ್ಲಿ ಸಿಕ್ಕಿಹಾಕಿಕೊಂಡ ಕತೆಯನ್ನು ಓನರಮ್ಮ ನನಗೆ ಅವರೆಕಾಯಿ ಬಿಡಿಸುತ್ತ ಹೇಳಿದ್ದರು. ನಾನು ಬರುವುದಕ್ಕೆ ಬಹಳ ವರ್ಷ ಮೊದಲಿನ ಮಾತು. ಅಣ್ಣನ ಮಗಳ ಮದುವೆ. ವಿಡಿಯೋದವರನ್ನು ಕರೆಸುವುದು ಬೇಡ, ಚಿಕ್ಕಪ್ಪ ನಾನಿರುವಾಗ ಹೊರಗಿನವರು ಯಾಕೆ ಎಂದು ಓನರ್ ತಾವೇ ಕ್ಯಾಮೆರಾ ಹೊತ್ತರು. ಊಟವನ್ನೂ ಬಿಟ್ಟು ತೆಗೆದರು, ಚೆನ್ನಾಗಿಯೇ ತೆಗೆದರಂತೆ. ಮದುವೆಯಾದ ಮೇಲೆ ಇವರ ಹಿತ್ತಿಲಲ್ಲಿ ಬೋರ್‌ವೆಲ್ ಕೊರೆಸುತ್ತಿದ್ದರು. ಯಂತ್ರ ದಿನವಿಡೀ ಬರೀ ಧೂಳು ಉಗುಳುತ್ತಿದ್ದದ್ದು ಇದ್ದಕ್ಕಿದ್ದಂತೆ ನೀರು ಉಗುಳಿತು. ಅಂಥ ಗಳಿಗೆಯಲ್ಲಿ ಕ್ಯಾಸೆಟ್ ಬದಲಾಯಿಸುತ್ತ ಕೂರುವವರು ಯಾರು? ಒಳಗಿದ್ದ ಕ್ಯಾಸೆಟ್ಟು ಯಾವುದೆಂದು ನೋಡದೆ, ಸುರುಳಿ ಎಲ್ಲಿ ನಿಂತಿದೆ ಎಂದೂ ನೋಡದೆ ಓನರ್ ಗುಂಡಿ ಒತ್ತಿದರು.

ಬೀಗರು ಬಂದ ದಿನ ಅಣ್ಣನ ಮನೆಯ ನಡುಮನೆಯಲ್ಲಿ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ ಮದುವೆ ಕ್ಯಾಸೆಟ್ ಹಾಕಿದರು. ಧಾರೆಯಾಯಿತು. ಗಟ್ಟಿಮೇಳ ಶುರುವಾಯಿತು. ಹುಡುಗಿ ತಲೆ ಬಗ್ಗಿಸಿದಳು, ಹುಡುಗ ತಾಳಿ ಎತ್ತಿದ, ಅಷ್ಟರಲ್ಲಿ ಟೀವಿಯ ತುಂಬ ಕೆಸರು ಚಿಮ್ಮಿತು. ಕೆಸರಿನ ಹಿಂದೆ ಲುಂಗಿ ಎತ್ತಿಕಟ್ಟಿದ ಗಂಡಸರು ಬಂತು ಬಂತು ಎಂದು ಕುಣಿದರು. ಕೆಸರು ನಿಲ್ಲುವಷ್ಟರಲ್ಲಿ ಮದುವೆ ಮುಗಿದು ಜನ ಊಟಕ್ಕೆ ಕುಳಿತಿದ್ದರು. ತಾಳಿ ಕಟ್ಟಿದ್ದಕ್ಕೆ ಕ್ಯಾಸೆಟ್ಟಿನಲ್ಲಿ ಸಾಕ್ಷಿಯೇ ಇಲ್ಲ. ಬೀಗರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು. ಅಣ್ಣನಿಗೆ ಮುಖ ಎಲ್ಲಿಡಬೇಕೆಂದು ತಿಳಿಯದೆ, ಒಂದು ಎಮ್ಮೆಯ ಹೆಗಲಿಗೆ ಕ್ಯಾಮೆರಾ ಕಟ್ಟಿದ್ದರೆ ಇದಕ್ಕಿಂತ ಚೆನ್ನಾಗಿ ತೆಗೆಯುತ್ತಿತ್ತು ಅಂದುಬಿಟ್ಟರು.

ಅಣ್ಣ ಬೈದದ್ದು ಓನರ್‌ಗೆ ಹೊಸದಲ್ಲ. ಬೀಗರ ಮುಂದೆ ಬೈದದ್ದು ಹೊಸದು. ಅಲ್ಲಿಂದ ಎದ್ದವರು ನೇರ ಊರಮ್ಮನ ಗುಡಿಗೆ ಹೋಗಿ, ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಹೊಸಕಿ, ಇನ್ನು ಈ ಜನ್ಮದಲ್ಲಿ ಅಣ್ಣನ ಮುಖ ನೋಡುವುದಿಲ್ಲ ಎಂದು ಆಣೆ ಇಟ್ಟರು. ಕೊಡೆ ಶುರುವಾದದ್ದು ಹಾಗೆ.

ನಾನು ಬಂದು ಎರಡು ವರ್ಷವಾಗಿತ್ತೇನೋ. ಒಂದು ಭಾನುವಾರ ಓನರ್ ರಾಗಿ ತುಂಬುವ ಗೋಣಿಚೀಲವೊಂದನ್ನು ಹೊತ್ತು ಮಹಡಿ ಹತ್ತಿ ಬಂದು ನನ್ನ ಬಾಗಿಲಲ್ಲಿ ಇಳಿಸಿದರು. ತುಂಬ ಕ್ಯಾಸೆಟ್ಟುಗಳು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ವಿಸಿಆರ್ ಒಂದೆರಡನ್ನು ತಿಂದು ಹಾಕಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಸುರಿದುಬಿಡಬೇಕು, ಬೇಕಾದಾಗ ಬೇಕಾದದ್ದು ಬರಬೇಕು, ಅದಕ್ಕೆ ಏನೇನು ಬೇಕೋ ತರಿಸಿ ಎಂದರು. ನಾನು ಎಸ್.ಪಿ. ರೋಡಿನಲ್ಲಿ ಸಾಮಾನು ಹೊಂದಿಸಿ ಒಂದು ಕಂಪ್ಯೂಟರ್ ಜೋಡಿಸಿದೆ, ದೊಡ್ಡ ಹಾರ್ಡ್ ಡಿಸ್ಕುಗಳನ್ನು ಹಾಕಿದೆ. ಇಂಥದಕ್ಕೆ ಸರ್ವರ್ ಅನ್ನುತ್ತಾರೆ ಎಂದೆ. ಓನರ್‌ಗೆ ಆ ಶಬ್ದ ಬಹಳ ಹಿಡಿಸಿತು. ಹೋಟೆಲಿನಲ್ಲಿ ಕೇಳಿದ್ದನ್ನು ತಂದುಕೊಡುವವನ ಹಾಗೆ ಎಂದು ತಾವೇ ಅರ್ಥ ಹೇಳಿಕೊಂಡರು. ಅದನ್ನು ದೇವರ ಮನೆಯ ಪಕ್ಕದ ಗೂಡಿನಲ್ಲಿ ಕೂರಿಸಿ ಅರಿಶಿನ ಕುಂಕುಮ ಹಚ್ಚಿ, ಆಯುಧಪೂಜೆಗೆ ಬೂದುಗುಂಬಳಕಾಯಿಯನ್ನೂ ಒಡೆದರು. ಕುಂಬಳಕಾಯಿಯ ನೀರು ಎಲ್ಲಿಗೆ ಹಾರುತ್ತದೋ ಎಂದು ನಾನು ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ.

ಟ್ಯಾಗ್ ಅಂದರೇನೆಂದು ವಿವರಿಸಲು ಮಾತ್ರ ಕಷ್ಟವಾಗಲಿಲ್ಲ. ಪ್ರತಿ ವಿಡಿಯೋಗೂ ಯಾರು, ಎಲ್ಲಿ, ಏನು ಎಂದು ಚೀಟಿ ಹಚ್ಚಿದರೆ ಆಮೇಲೆ ಹುಡುಕಬಹುದು ಎಂದು ನಾನು ಶುರುಮಾಡುವಷ್ಟರಲ್ಲೇ ಅವರು ಕೈ ಎತ್ತಿದರು. ಸೊಸೈಟಿಯವರು ಸಾಲದ ಹಸುವಿನ ಕಿವಿಗೆ ಬಿಲ್ಲೆ ಹಾಕುತ್ತಿದ್ದರಲ್ಲ, ಅದೇ ತಾನೆ ಎಂದರು. ಅದೇ ಎಂದೆ. ಅಂದಿನಿಂದ ನಮ್ಮಲ್ಲಿ ಟ್ಯಾಗ್ ಎಂಬ ಮಾತೇ ಹೋಗಿ ಬಿಲ್ಲೆ ಉಳಿಯಿತು.

ಆದರೆ ಬಿಲ್ಲೆ ಹಾಕಬೇಕಾದರೆ ವಿಡಿಯೋ ನೋಡಬೇಕು. ಅಲ್ಲಿತ್ತು ತೊಂದರೆ. ಮನೆಯ ಹಿರಿಮಗನಾದ್ದರಿಂದ ಅಣ್ಣ ಎಲ್ಲ ಕ್ಯಾಸೆಟ್ಟಿನಲ್ಲೂ ಮುಂದೆಯೇ ನಿಂತಿದ್ದರು. ಟೀವಿಯಲ್ಲಿ ಕಂಡರೆ ಆಣೆ ಮುರಿಯುತ್ತದೆಯೇ? ಓನರ್ ಗುಡಿಯ ಪೂಜಾರಿಯನ್ನು ಕೇಳಲು ಹೋದರು, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಟೀವಿಯಲ್ಲಿರುವುದು ಬರೀ ಬೆಳಕು, ಮನುಷ್ಯನಲ್ಲ ಎಂದು ನನ್ನಿಂದ ಹೇಳಿಸಿದರು. ಪೂಜಾರಿ ವೀಳ್ಯದೆಲೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ನಿಮ್ಮನೇಲಿ ಅಮ್ಮನ ಪಟ ಐತಲ್ಲ, ಅದಕ್ಕೆ ಕೈ ಮುಗೀತೀರಾ ಇಲ್ವಾ? ಪಟದಾಗಿರೋಳು ಅಮ್ಮ ಆದ್ರೆ ಟೀವಿಯಾಗಿರೋನು ಅಣ್ಣಾನೇ."

ಹಾಗಾದರೆ ನೋಡದೆ ಅವನ ಮಾತು ಕೇಳಬಹುದೋ ಎಂದರು ಓನರ್. ಮಾತಿನ ವಿಷಯ ಅವತ್ತು ಎತ್ತಿಲ್ಲವಾದ್ದರಿಂದ ಅಮ್ಮನ ಲೆಕ್ಕದಲ್ಲಿ ಅದಿಲ್ಲ ಎಂದು ಪೂಜಾರಿ ತೀರ್ಪು ಕೊಟ್ಟ. ಆಣೆ ಬಿಡಿಸಿಕೊಳ್ಳುವ ದಾರಿಯನ್ನೂ ಹೇಳಿದ. ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ಬಂದು ಅಮ್ಮನ ಮುಂದೆ ನಿಂತು ತಪ್ಪುಕಾಣಿಕೆ ಹಾಕಬೇಕು. ಈ ಮಾತು ಓನರಮ್ಮನ ಮೂಲಕ ಆ ಮನೆಗೆ ಹೋಯಿತು. ಆಣೆ ಇಟ್ಟವನು ಅವನು, ಬಂದು ಕರೆಯಲಿ, ಬರುತ್ತೇನೆ ಎಂದು ಅಣ್ಣ ಹೇಳಿಕಳಿಸಿದರು. ಮುಖ ನೋಡದೆ ಹೋಗಿ ಕರೆಯುವುದು ಹೇಗೆ ಎಂದು ತಮ್ಮ ಕೂತರು. ಎರಡು ಬೀದಿ ಆಚೆಯಿದ್ದ ಅಣ್ಣ ಹೀಗೆ ಇನ್ನಷ್ಟು ದೂರವಾದರು.

ಅಳಿಸಿಬಿಡೋಣವೇ ಎಂದು ನಾನೊಮ್ಮೆ ಕೇಳಿದೆ. ಅಣ್ಣ ಇರುವ ಭಾಗಗಳನ್ನೆಲ್ಲ ತೆಗೆದುಹಾಕಿದರೆ ಆಣೆಗೂ ಭಯವಿಲ್ಲ, ನನಗೂ ಕೆಲಸ ಕಡಿಮೆ. ಓನರ್ ಮುಖ ಕೆಂಪಾಯಿತು.

"ಅಳ್ಸಕ್ಕೆ ನೀವ್ಯಾರ್ ಮೇಷ್ಟ್ರೇ? ನೋಡಲ್ಲ ಅಂತ ಅಂದಿರೋದು. ಇರಬಾರ್ದು ಅಂದಿಲ್ಲ."

ಕೊನೆಗೆ ನಾವು ಮಾಡಿಕೊಂಡ ಏರ್ಪಾಡು ಇದು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರ ಹಾಲ್‌ನಲ್ಲಿ ಟೀವಿಗೆ ಸರ್ವರ್ ಜೋಡಿಸುತ್ತಿದ್ದೆ. ಓನರ್ ಮರದ ಕುರ್ಚಿಯನ್ನು ತಿರುಗಿಸಿ ಟೀವಿಗೆ ಬೆನ್ನು ಹಾಕಿ, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದರು. ಓನರಮ್ಮ ನೆಲದ ಮೇಲೆ ಮೊರ ಹಿಡಿದು ಕೂರುತ್ತಿದ್ದರು. ಅಣ್ಣ ಇಲ್ಲದ ಕಡೆ ಓನರ್ ತಿರುಗಿ ನೋಡಬಹುದು, ಅಣ್ಣ ಕಂಡಕೂಡಲೇ ನಾನು "ಬಂದ್ರು ನೋಡ್ರಿ" ಎನ್ನಬೇಕು, ಅವರು ಕ್ಯಾಲೆಂಡರಿಗೆ ತಿರುಗಬೇಕು. ಅಣ್ಣ ಆಚೆ ಹೋದರೆ "ಹೋದ್ರು". ಕ್ರಿಕೆಟ್ ಕಾಮೆಂಟರಿಯವರಿಗೂ ಇಷ್ಟು ಜವಾಬ್ದಾರಿ ಇರಲಾರದು. ಒಮ್ಮೆ ನಾನು ಆಕಳಿಸುತ್ತಿದ್ದಾಗ ಅಣ್ಣ ಬಂದುಬಿಟ್ಟರು, ಓನರ್ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಆ ವಾರ ನಮ್ಮ ಟ್ಯಾಂಕಿಗೆ ನೀರೂ ಸರಿಯಾಗಿ ಏರಲಿಲ್ಲ.

ಬೆನ್ನು ಹಾಕಿ ಕೂತು ಅವರು ಜನರನ್ನು ಗುರುತಿಸುತ್ತಿದ್ದ ಪರಿ ನೋಡಬೇಕಿತ್ತು. ಕೆಮ್ಮು, ನಗು, ಬಳೆಯ ಸದ್ದು ಸಾಕು. ಹೊಸಕೆರೆಹಳ್ಳಿ ಅತ್ತೆ, ಮೂಗಿನಲ್ಲಿ ಮಾತಾಡುವ ಷಡ್ಡಕ, ಊಟ ಚೆನ್ನಾಗಿಲ್ಲ ಎಂದು ಮೂರು ಸಲ ಬಡಿಸಿಕೊಂಡ ದಾಯಾದಿ, ಎಲ್ಲರಿಗೂ ಬಿಲ್ಲೆ ಬೀಳುತ್ತಿತ್ತು. ಓನರಮ್ಮ ಮನುಷ್ಯರಿಗಿಂತ ಸೀರೆಗಳನ್ನು ಗುರುತಿಸುತ್ತಿದ್ದರು. ಒಬ್ಬಾಕೆ ಉಟ್ಟದ್ದು ತಮ್ಮಿಂದ ಇಸಕೊಂಡು ಹೋಗಿ ವಾಪಸು ಕೊಡದ ಮೈಸೂರು ಸಿಲ್ಕ್ ಎಂದು ಪತ್ತೆಯಾದ ಮೇಲೆ, ಆಕೆಗೆ ಹೆಸರಿನ ಬಿಲ್ಲೆ ಬೇಡ, 'ನನ್ನ ಸೀರೆ' ಎಂದು ಹಾಕಿ ಎಂದರು. ಹಾಕಿದೆ. ಇಸವಿ ಯಾರಿಗೂ ನೆನಪಿರಲಿಲ್ಲ. ಬೋರ್‌ವೆಲ್ಲಿಗೆ ಮುಂಚೆ, ಬೋರ್‌ವೆಲ್ ಆದಮೇಲೆ ಎಂದು ಕಾಲವನ್ನು ಎರಡು ಪಾಲು ಮಾಡಿದೆವು.

ಅಣ್ಣನಿಗೆ ಹಾಕಿದ ಬಿಲ್ಲೆಯಲ್ಲಿ ಹೆಸರಿರಲಿಲ್ಲ, ಸಂಬಂಧವೂ ಇರಲಿಲ್ಲ. 'ಅವನು' ಎಂದಷ್ಟೇ ಇತ್ತು.

ಬಿಲ್ಲೆ ಹಾಕುವ ಕೆಲಸ ಮುಗಿಯುತ್ತ ಬಂದಾಗ ಓನರ್‌ಗೆ ಇನ್ನೊಂದು ಯೋಚನೆ ಬಂತು. ಕೇಬಲ್ಲಿನವನನ್ನು ಕರೆಸಿ, ಸರ್ವರಿನಿಂದ ಬಾಡಿಗೆ ಮನೆಗಳಿಗೆಲ್ಲ ತಂತಿ ಎಳೆಸಿ, ಎಲ್ಲರ ಟೀವಿಯಲ್ಲೂ ಖಾಲಿಯಿದ್ದ ಒಂದು ಚಾನೆಲ್ಲಿನಲ್ಲಿ ತಮ್ಮ ಮನೆಯ ಸಮಾರಂಭಗಳು ಬರುವಂತೆ ಮಾಡಿದರು. ಮೊಳೆ ಹೊಡೆದದ್ದು ಆಗಲೇ. ಬೆಳಿಗ್ಗೆ ಪಂಪಿನ ಸ್ವಿಚ್ ಹತ್ತಿರ ನಿಂತು, ನಿನ್ನೆ ನಮ್ಮದು ನೋಡಿದಿರಾ ಎಂದು ಕೇಳುತ್ತಿದ್ದರು. ಕೆಳಗಿನ ಮನೆಯ ಬ್ಯಾಂಕಿನವರು ನೋಡಿದೆ ಸಾರ್, ಸಖತ್ತಾಗಿತ್ತು ಎಂದು ಹೇಳಿ ಎರಡು ಬಕೆಟ್ ನೀರು ಹೆಚ್ಚು ಪಡೆಯುತ್ತಿದ್ದರು.

ಓನರ್ ಮನೆಯ ಟೀವಿಯಲ್ಲೂ ಅದೇ ಚಾನೆಲ್ ಬರುವುದರಿಂದ 'ಅವನು' ಬಿಲ್ಲೆ ಇರುವುದನ್ನೆಲ್ಲ ಬಿಟ್ಟು ಉಳಿದದ್ದು ಮಾತ್ರ ಬರುವಂತೆ ಮಾಡಿ ಎಂದರು. ಮಾಡಿದೆ. ಗುಂಡಿ ಒತ್ತಿದಾಗ ಉಳಿದದ್ದನ್ನು ನೋಡಿ ನಾನು ನಗು ತಡೆದುಕೊಂಡೆ. ಮದುವೆ ಹೋಯಿತು, ನಾಮಕರಣ ಹೋಯಿತು, ಗೃಹಪ್ರವೇಶ, ಮುಡಿ ತೆಗೆಸಿದ್ದು, ಹಬ್ಬ, ಆರತಿ ಎಲ್ಲ ಹೋಯಿತು. ಉಳಿದದ್ದು ಬೋರ್‌ವೆಲ್, ಹೊಸದಾಗಿ ಸುಣ್ಣ ಹೊಡೆದ ಬಾಡಿಗೆ ಮನೆಗಳ ಗೋಡೆ, ಪುಟ್ಟೇನಹಳ್ಳಿ ಕೆರೆಯ ಒಂದು ಬಾತುಕೋಳಿ, ಮತ್ತು ಕ್ಯಾಮೆರಾ ಆಫ್ ಮಾಡಲು ಮರೆತು ಬಹಳ ಹೊತ್ತು ತೆಗೆದ ಅವರದೇ ಚಪ್ಪಲಿ. ಮೂರು ತಿಂಗಳು ಬಾಡಿಗೆದಾರರೆಲ್ಲ ಇದನ್ನೇ ನೋಡಿದರು, ಹಾಗೆಂದು ಬೆಳಿಗ್ಗೆ ಹೇಳಿದರು. ಓನರ್ ಮಾತ್ರ ಗುಂಡಿ ಒತ್ತಿದ ದಿನ ನಗಲಿಲ್ಲ. ಟೀವಿಯಲ್ಲಿ ಗೋಡೆ ಬರುತ್ತಿತ್ತು, ಅದನ್ನೇ ನೋಡುತ್ತ, "ಅವ್ನಿಲ್ದೆ ನಮ್ಮನೇಲಿ ಏನೂ ನಡ್ದೇ ಇಲ್ವಾ ಮೇಷ್ಟ್ರೇ?" ಎಂದರು.

ಆಮೇಲಿನ ಭಾನುವಾರಗಳು ಬೇರೆಯಾದವು. ಬಿಲ್ಲೆ ಹಾಕುವ ಕೆಲಸ ಮುಗಿದಿದ್ದರೂ ನನ್ನನ್ನು ಕರೆಸುತ್ತಿದ್ದರು. ಅವರು ಕ್ಯಾಲೆಂಡರಿಗೆ ಮುಖ ಮಾಡಿ ಕೂತು, 'ಅವನು' ಒತ್ತಿ ಎನ್ನುತ್ತಿದ್ದರು. ಯಾರನ್ನು ದೂರವಿಡಲೆಂದು ಬಿಲ್ಲೆ ಹಾಕಿಸಿದ್ದರೋ ಆ ಅಣ್ಣನೇ ಒಂದೇ ಗುಂಡಿಗೆ ಒಂದರ ಹಿಂದೊಂದು ವಿಡಿಯೋದಲ್ಲಿ ಬರುತ್ತಿದ್ದರು. ಓನರ್ ಬೆನ್ನಿನಿಂದಲೇ ಕೇಳುತ್ತಿದ್ದರು. ಏನು ಉಟ್ಟವ್ನೆ, ಪಂಚೆನಾ ಪ್ಯಾಂಟಾ, ಮೀಸೆ ಹೆಂಗೈತೆ ಎಂದು ನನ್ನನ್ನು ವಿಚಾರಿಸುತ್ತಿದ್ದರು. ಒಂದು ದಿನ ಅವರಿಗೆ ಇನ್ನೊಂದು ಪಕ್ಕದ ಗೇಟು ಕಂಡಿತು. ಕತ್ತಿನಿಂದ ಕೆಳಕ್ಕೆ ಆಣೆ ಇಲ್ಲವಲ್ಲ! ನಾನು ಹಳೆ ಕ್ಯಾಲೆಂಡರಿನ ಹಾಳೆಯೊಂದನ್ನು ಟೀವಿಯ ಮೇಲ್ಭಾಗಕ್ಕೆ ಅಡ್ಡ ಹಿಡಿದು ನಿಲ್ಲಬೇಕು, ಅವರು ತಿರುಗಿ ಅಣ್ಣನ ಅಂಗಿ, ಪಂಚೆ, ಕೈಬೆರಳುಗಳನ್ನು ನೋಡಬೇಕು. ಅಣ್ಣ ಕೂತರೆ ಹಾಳೆ ಇಳಿಸಬೇಕು, ಎದ್ದರೆ ಏರಿಸಬೇಕು. ನನ್ನ ತೋಳು ಬಿದ್ದುಹೋಗುತ್ತಿತ್ತು. ಮುಖ ಒಂದು ಬಿಟ್ಟು ಇನ್ನೆಲ್ಲ ಬೇಕು ಇವರಿಗೆ ಎಂದು ಓನರಮ್ಮ ಮೊರ ಕೇರುತ್ತ ಗೊಣಗುತ್ತಿದ್ದರು.

ಯಾವುದೋ ಮಗುವಿಗೆ ಮುಡಿ ತೆಗೆಸುವ ವಿಡಿಯೋ. ಉರಿಬಿಸಿಲು. ಅಣ್ಣ ನೇರ ಕ್ಯಾಮೆರಾದ ಕಡೆಗೆ ಬಂದು, "ಲೇ ಚಿಕ್ಕೋನೇ, ಬಿಸ್ಲಲ್ಲಿ ಯಾಕೋ ನಿಂತಿದ್ದೀಯ, ನೆಳ್ಳಿಗೆ ಬಾ. ಕ್ಯಾಮೆರಾ ಕಾದೋಯ್ತದೆ" ಎನ್ನುತ್ತಾರೆ. ಓನರ್ ಒಸಿ ಹಿಂದಕ್ಕೆ ತೆಗೆದುಕೊಳ್ಳಿ ಎಂದರು, ಸರಿಯಾಗಿ ಕೇಳಿಸಲಿಲ್ಲವಂತೆ. ತೆಗೆದುಕೊಂಡೆ. ಮತ್ತೆ ಕೇಳಿಸಲಿಲ್ಲ. ಆ ಮಧ್ಯಾಹ್ನವೆಲ್ಲ ಅಣ್ಣ ತಮ್ಮನನ್ನು ನೆರಳಿಗೆ ಕರೆಯುತ್ತಲೇ ಇದ್ದರು. ಓನರ್ ಬೆನ್ನು ನೋಡುತ್ತ ಕೂತಿದ್ದ ನನಗೆ, ಎದ್ದು ಹೋಗಿ ಅಣ್ಣನ ಮನೆಯ ಬಾಗಿಲು ತಟ್ಟಿ, ಒಂದು ಸಲ ಬಂದುಬಿಡಿ ಮಾರಾಯರೇ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ, ಹೇಳಿದ್ದರೂ ಕೇಳುವವರಾಗಿರಲಿಲ್ಲ.

ಅಣ್ಣನಿಗೆ ಲಕ್ವ ಹೊಡೆದದ್ದು ಅದೇ ವರ್ಷ. ಜಯನಗರದ ಒಂದು ಆಸ್ಪತ್ರೆಗೆ ಸೇರಿಸಿದ್ದಾರೆ, ಜೀವಕ್ಕೆ ಭಯವಿಲ್ಲ, ಆದರೆ ಮಾತು ನಿಂತುಹೋಗಿದೆ ಎಂದು ಓನರಮ್ಮ ಸುದ್ದಿ ತಂದರು. ಓನರ್ ನಂಬಲಿಲ್ಲ. ಅವನ ಬಾಯಿ ಮುಚ್ಚಿಸಲು ನಮ್ಮಪ್ಪನ ಕೈಲೇ ಆಗಿರಲಿಲ್ಲ, ಲಕ್ವ ಯಾವ ಗಿಡದ ತೊಪ್ಪಲು ಎಂದರು. ಸ್ವಲ್ಪ ಹೊತ್ತಿಗೆ ಅಂಗಿ ಬದಲಾಯಿಸಿ ನನ್ನ ಬಾಗಿಲಲ್ಲಿ ನಿಂತಿದ್ದರು. ಮುಖ ನೋಡುವುದಿಲ್ಲ, ಮಾತಾಡಿಸಿಕೊಂಡು ಬಂದುಬಿಡುತ್ತೇನೆ, ಕೈ ಹಿಡಿದುಕೊಂಡು ಹೋಗಲು ಒಬ್ಬರು ಬೇಕು ಎಂದರು.

ಆಸ್ಪತ್ರೆಯ ಗೇಟಿನಲ್ಲಿ ಆಟೋ ಇಳಿದವರೇ ಹೆಗಲ ಮೇಲಿನ ಟವೆಲ್ ತೆಗೆದು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡರು. ನಾನು ಅವರ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಜನ ದಾರಿ ಬಿಟ್ಟರು. ಒಬ್ಬ ಹೆಂಗಸು ಪಾಪ ಅಂದಳು. ಮೇಲಿನ ವಾರ್ಡಿನ ನರ್ಸ್ ತಡೆದು, ಕಣ್ಣಿನ ಆಪರೇಷನ್ ಆದವರು ಇಲ್ಲಿಗೆ ಬರಬಾರದು, ಕೆಳಗೆ ಹೋಗಿ ಮಲಗಿ ಎಂದಳು. ಆಪರೇಷನ್ ಅಲ್ಲ, ಆಣೆ ಎಂದು ನಾನು ಹೇಳಿದೆ. ಆಕೆ ನಮ್ಮಿಬ್ಬರನ್ನೂ ನೋಡಿ, ತಲೆ ಕೆಟ್ಟವರ ವಿಭಾಗ ಬೇರೆ ಕಡೆ ಇದೆ ಎಂದು ಕೈ ತೋರಿಸಿದಳು. ಬೇರೆ ದಿನವಾಗಿದ್ದರೆ ಓನರ್ ಈ ಮಾತಿಗೆ ಜಗಳಕ್ಕೆ ನಿಲ್ಲುತ್ತಿದ್ದರು. ಆವತ್ತು ತಮ್ಮಾ, ತಾಯಿ ಎಂದು ಎದುರಿಗಿದ್ದವರು ಯಾರೆಂದು ತಿಳಿಯದೆ ಎಲ್ಲರಿಗೂ ಕೈ ಮುಗಿದರು. ಬಿಟ್ಟರು.

ಮಂಚದ ಪಕ್ಕ ಅತ್ತಿಗೆ ಕೂತಿದ್ದರು. ನಮ್ಮನ್ನು ನೋಡಿ ಸೆರಗು ಬಾಯಿಗೆ ಹಿಡಿದುಕೊಂಡು ಎದ್ದು ಜಾಗ ಕೊಟ್ಟರು. ನಾನು ಓನರನ್ನು ಸ್ಟೂಲಿನ ಮೇಲೆ ಕೂರಿಸಿದೆ.

"ಅಣ್ಣಾ, ನಾನು ಚಿಕ್ಕೋನು ಬಂದಿದ್ದೀನಿ."

ಅಣ್ಣ ಎಂಬ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಓನರ್ ಕಿವಿಯನ್ನು ಮಂಚದ ಕಡೆಗೆ ಬಾಗಿಸಿ ಕಾದರು. ಅಣ್ಣನ ಗಂಟಲಿನಿಂದ ಗೊರಗೊರ ಎಂದು ಏನೋ ಹೊರಟು ಅಲ್ಲೇ ನಿಂತಿತು.

"ಬೈಯಾದಾದ್ರೆ ಬೈಯಿ ಅತ್ಲಾಗೆ. ಎಮ್ಮೆ ಅನ್ನು. ಏನಾದ್ರೂ ಅನ್ನು."

ಮತ್ತೆ ಅದೇ ಸದ್ದು. ಅಣ್ಣನ ಒಂದು ಕೈಯಲ್ಲಿ ಇನ್ನೂ ಶಕ್ತಿಯಿತ್ತು. ಅದು ಹಾಸಿಗೆಯ ಮೇಲೆ ತಡಕಾಡುತ್ತ ಬಂದು ತಮ್ಮನ ಮಂಡಿಯನ್ನು ಹಿಡಿದುಕೊಂಡಿತು. ಅಷ್ಟು ವರ್ಷ ಅಣ್ಣನ ಮಾತೊಂದನ್ನೇ ನಂಬಿಕೊಂಡು ಬದುಕಿದ್ದ ಓನರ್‌ಗೆ ಇನ್ನು ಆ ಮಾತಿಲ್ಲ ಎಂಬುದು ಆಗ ತಿಳಿಯಿತು. ಅವರು ನಿಧಾನವಾಗಿ ಟವೆಲ್ಲಿನ ಗಂಟು ಬಿಚ್ಚಿದರು. ನಾನು ತಡೆಯಲಿಲ್ಲ, ಅತ್ತಿಗೆ ಮಾತ್ರ ಅಯ್ಯೋ ಆಣೆ ಎಂದು ಮೆಲ್ಲಗೆ ಅಂದರು.

ಅಣ್ಣನ ಬಾಯಿ ಒಂದು ಕಡೆಗೆ ಜಗ್ಗಿತ್ತು. ಒಂದು ರೆಪ್ಪೆ ಇಳಿದಿತ್ತು. ಮೀಸೆ ಬೋಳಿಸಿದ್ದರು. ಕೆನ್ನೆ ಎಂಬುದೇ ಇರಲಿಲ್ಲ. ಓನರ್ ನೋಡಿದರು, ನೋಡುತ್ತಲೇ ಇದ್ದರು. 'ಅವನು' ಬಿಲ್ಲೆಯಲ್ಲಿ ನಾನು ವಾರವಾರವೂ ಕಂಡಿದ್ದ ಎತ್ತರದ, ದಪ್ಪಮೀಸೆಯ, ಎಲ್ಲರಿಗೂ ಹುಕುಂ ಮಾಡುವ ಮನುಷ್ಯನ ಗುರುತು ಅಲ್ಲಿ ನನಗೂ ಸಿಗಲಿಲ್ಲ. ಆಮೇಲೆ ಓನರ್ ನನ್ನ ಕಡೆ ತಿರುಗಿದರು. ಕಣ್ಣು ತುಂಬಿ ಹರಿಯುತ್ತಿತ್ತು, ಆದರೆ ದನಿ ರೂಲ್ಸು ಹೇಳುವಾಗಿನದೇ ದನಿ.

"ಇದು ಆ ಮುಖ ಅಲ್ಲ ಬಿಡಿ ಮೇಷ್ಟ್ರೇ. ನಾನು ಆಣೆ ಇಟ್ಟಿದ್ದು ಆ ಮುಖಕ್ಕೆ. ಇದನ್ನ ನೋಡ್ಬೋದು."

ಈ ಸಲ ಪೂಜಾರಿಯನ್ನು ಕೇಳಲು ಹೋಗಲಿಲ್ಲ. ಇಬ್ಬರ ಕೈಯೂ ಒಂದರ ಮೇಲೊಂದು ಮಂಡಿಯ ಮೇಲಿತ್ತು. ನಾನು ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ನರ್ಸ್ ಬಂದು ಇವರಿಗೇನಾಯಿತು ಎಂದು ಯಾರನ್ನೋ ಕೇಳಿದಳು.

ಅಣ್ಣನನ್ನು ಮನೆಗೆ ಕರೆತಂದ ಮೇಲೆ ಓನರ್ ಸರ್ವರನ್ನು ಗೂಡಿನಿಂದ ಇಳಿಸಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಆ ಮನೆಗೆ ಸಾಗಿಸಿದರು. ನಾನು ಹೋಗಿ ಮಂಚದ ಕಾಲ ಕಡೆಗಿದ್ದ ಟೀವಿಗೆ ಜೋಡಿಸಿಕೊಟ್ಟೆ. ಬಾಡಿಗೆದಾರರ ಟೀವಿಯಲ್ಲಿ ಬೋರ್‌ವೆಲ್ ನಿಂತುಹೋಯಿತು, ಹೆಚ್ಚಿನ ಬಕೆಟ್ ನೀರಿಗೆ ಹೊಸ ಉಪಾಯ ಹುಡುಕಬೇಕಾಯಿತು. ಅಣ್ಣನ ಮಾತು ಮರಳಲಿಲ್ಲ. ಆದರೆ ಟೀವಿಯಲ್ಲಿ ತಮ್ಮನ್ನೇ ಕಂಡಾಗ ಬಾಯಿಯ ಒಂದು ಕಡೆಯಿಂದ ನಗುತ್ತಿದ್ದರು.

ನಾನು ಬಾಡಿಗೆ ಮನೆ ಬಿಟ್ಟು ಬನಶಂಕರಿಗೆ ಹೋಗುವ ಮುನ್ನ ಹೇಳಿಹೋಗಲೆಂದು ಒಂದು ಮಧ್ಯಾಹ್ನ ಅಣ್ಣನ ಮನೆಗೆ ಹೋಗಿದ್ದೆ. ಬಾಗಿಲು ತೆರೆದಿತ್ತು. ಓನರ್ ಮಂಚದ ಅಂಚಿನಲ್ಲಿ ಟೀವಿಗೆ ಬೆನ್ನು ಹಾಕಿ ಕೂತಿದ್ದರು. ಟೀವಿಯಲ್ಲಿ ಬರುತ್ತಿದ್ದದ್ದು ಆ ಹಳೆಯ ಮುಖ, ಅದರ ಆಣೆ ಆಣೆಯೇ, ಅದನ್ನು ಅವರು ಕೊನೆಯವರೆಗೂ ಮುರಿಯಲಿಲ್ಲವಂತೆ. ಎದುರಿಗೆ ದಿಂಬಿಗೊರಗಿ ಅಣ್ಣ ಇದ್ದರು. ಹಿಂದಿನಿಂದ ಅಣ್ಣನ ಗಟ್ಟಿದನಿ, ಲೇ ಚಿಕ್ಕೋನೇ, ಎಲ್ಲರಿಗೂ ಎಲೆ ಹಾಕಿದ್ರಾ ನೋಡು, ಅಂದಿತು. ಓನರ್ ಹಾಸಿಗೆಯ ಮೇಲಿನ ಮುಖವನ್ನೇ ನೋಡುತ್ತ, ಅದೇ ಬಾಯಿಂದ ಬಂದ ಮಾತಿಗೆ ಉತ್ತರ ಕೊಡುವವರಂತೆ, "ಹೂಂ ಅಣ್ಣ, ಹಾಕವ್ರೆ" ಎಂದರು.